ಪ್ರಾಗ್ ನಗರದಲ್ಲಿ ಊಟ–ಬಿಯರ್ ನಡಿಗೆ: ತಲೆಗೆ ನೂರು ಯೂರೊ ಕೊಡಬಹುದೆ?

ಪ್ರಶ್ನೆ: ಬರುವ ಜೂನ್‌ನಲ್ಲಿ ನಾವಿಬ್ಬರು, ಗಂಡ ಹೆಂಡತಿ, ಮ್ಯೂನಿಕ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ರೈಲಿನಲ್ಲಿ ಪ್ರಾಗ್‌ಗೆ ಹೋಗಿ ಮೂರು ರಾತ್ರಿ ಉಳಿಯುವ ಯೋಚನೆಯಿದೆ. ಅಲ್ಲಿ ಗೈಡ್ ಒಬ್ಬರು ಹಳೆಯ ಊರಿನ ಬೀದಿಗಳಲ್ಲಿ ನಡೆಸಿಕೊಂಡು ಹೋಗಿ ನಾಲ್ಕೈದು ಕಡೆ ತಿಂಡಿ, ಬಿಯರ್ ಕೊಡಿಸುವ ಟೂರ್‌ಗಳಿವೆಯಂತೆ. ತಲೆಗೆ ನೂರು ಯೂರೊ ಆಸುಪಾಸು. ನಾನು ಮಿತವಾಗಿ ಬಿಯರ್ ಕುಡಿಯುತ್ತೇನೆ. ನನ್ನ ಹೆಂಡತಿ ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ, ಮದ್ಯ ಮುಟ್ಟುವವಳಲ್ಲ. ಇಷ್ಟು ಹಣ ಕೊಟ್ಟು ಹೋಗುವುದು ಸರಿಯೆ? ಹೋಗುವುದಾದರೆ ಏನು ನೋಡಿ ಆರಿಸಬೇಕು? — ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಮಟ್ಟಿಗೆ ಹೇಳುವುದಾದರೆ ಹೋಗಬಹುದು, ಆದರೆ ಮೊದಲ ಸಂಜೆಯೇ ಹೋಗಬೇಕು. ನಿಮ್ಮ ಶ್ರೀಮತಿಯವರ ಮಟ್ಟಿಗೆ, ಯಾವ ಕಡೆ ಯಾವ ತಿನಿಸು ಕೊಡುತ್ತಾರೆಂದು ಟೂರ್‌ನವರು ಮುಂಚಿತವಾಗಿ ಬರೆದು ತಿಳಿಸಿದರೆ ಮಾತ್ರ ಹಣ ಕಟ್ಟಿ. ‘ವೆಜಿಟೇರಿಯನ್ನರಿಗೂ ವ್ಯವಸ್ಥೆಯಿದೆ’ ಎಂಬ ಒಂದು ಸಾಲಿನ ಭರವಸೆಯನ್ನು ನಂಬಬೇಡಿ. ಎರಡಕ್ಕೂ ಕಾರಣ ಹೇಳುತ್ತೇನೆ.

ಮೊದಲು ಹಣದ ವಿಚಾರವನ್ನು ಮುಗಿಸಿಬಿಡೋಣ. ಚೆಕ್ ಗಣರಾಜ್ಯ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿನ ನಾಣ್ಯ ಯೂರೊ ಅಲ್ಲ, ಕೊರುನಾ. ಪ್ರಾಗ್‌ನ ನಡುಭಾಗದ ಸಾಧಾರಣ ಬಿಯರ್ ಹೋಟೆಲಿನಲ್ಲಿ ಅರ್ಧ ಲೀಟರ್ ಬಿಯರ್‌ಗೆ 60ರಿಂದ 90 ಕೊರುನಾ ಆಗುತ್ತದೆ, ಅಂದರೆ ಸುಮಾರು ಎರಡೂವರೆಯಿಂದ ನಾಲ್ಕು ಯೂರೊ. ಟೂರ್‌ನಲ್ಲಿ ನಿಮಗೆ ಸಿಗುವಷ್ಟೇ ತಿಂಡಿಯನ್ನೂ ಬಿಯರನ್ನೂ ನೀವೇ ಹೋಗಿ ಕೊಂಡರೆ ಟೂರ್ ಶುಲ್ಕದ ಅರ್ಧದೊಳಗೆ ಮುಗಿಯುತ್ತದೆ. ಉಳಿದ ಅರ್ಧವನ್ನು ನೀವು ಕೊಡುವುದು ಮೂರು ಸಂಗತಿಗಳಿಗೆ: ಕಾದಿರಿಸಿದ ಮೇಜಿಗೆ, ಚೆಕ್ ಭಾಷೆಯ ಮೆನುವನ್ನು ಓದಿ ನಿಮ್ಮ ಪರವಾಗಿ ಆರ್ಡರ್ ಮಾಡುವ ವ್ಯಕ್ತಿಗೆ, ಮತ್ತು ಆ ವ್ಯಕ್ತಿಯ ತಿಳಿವಳಿಕೆಗೆ. ಕೊನೆಯ ಸಂಜೆ ಟೂರ್ ಮಾಡಿದವರು ಆ ತಿಳಿವಳಿಕೆಯನ್ನು ನೇರವಾಗಿ ರೈಲು ಹತ್ತಿಸಿ ಕಳಿಸಿದಂತೆ. ಮೊದಲ ಸಂಜೆ ಮಾಡಿದವರು ಉಳಿದೆರಡು ಸಂಜೆ ಯಾರ ಹಂಗೂ ಇಲ್ಲದೆ ತಾವೇ ಕುಳಿತು, ತಾವೇ ಆರ್ಡರ್ ಮಾಡಿ, ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ತಿನ್ನುತ್ತಾರೆ. ಆದ್ದರಿಂದ ಟೂರನ್ನು ಊಟವೆಂದು ಲೆಕ್ಕ ಹಾಕದೆ ಪಾಠವೆಂದು ಲೆಕ್ಕ ಹಾಕಿ, ಗೈಡ್ ಎಂಥವರು ಎಂಬುದನ್ನು ನೋಡಿ ಆರಿಸಿ.

ಬುಕಿಂಗ್ ತಾಣಗಳಲ್ಲಿ ಬೇರೆ ಬೇರೆ ಬಗೆಯ ಟೂರ್‌ಗಳು ಒಂದೇ ಪಟ್ಟಿಯಲ್ಲಿ ಬೆರೆತಿರುತ್ತವೆ. ಬಿಯರ್ ಟೂರ್‌ನಲ್ಲಿ ಮೂರು ಗಂಟೆ, ಮೂರು ನಾಲ್ಕು ಕಡೆ ಬಿಯರ್, ಜೊತೆಗೆ ಕುರುಕಲು ಮಾತ್ರ ಇರುತ್ತದೆ. ಫುಡ್ ಟೂರ್ ಸಾಮಾನ್ಯವಾಗಿ ಹಗಲಿನಲ್ಲಿ ಅಥವಾ ಇಳಿಹೊತ್ತಿನಲ್ಲಿ ಹೊರಟು ನಾಲ್ಕು ಗಂಟೆ ಸಾಗುತ್ತದೆ. ಹೊಟ್ಟೆ ತುಂಬುವಷ್ಟು ತಿನಿಸು ಇದ್ದು ಬಿಯರ್ ಅದರ ಜೊತೆಗಾರ ಅಷ್ಟೇ. ಮೂರನೆಯದು ಪಬ್ ಕ್ರಾಲ್: ಯುವಕರ ಗುಂಪು ಕಟ್ಟಿಕೊಂಡು ರಾತ್ರಿಯಿಡೀ ಬಾರಿನಿಂದ ಬಾರಿಗೆ ಅಲೆಯುವುದು. ನಿವಾಸಿಗಳ ನಿದ್ದೆ ಕೆಡುತ್ತಿದೆ ಎಂಬ ದೂರಿನ ಮೇಲೆ ಪ್ರಾಗ್ ನಗರಾಡಳಿತವು 2024ರಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಇಂತಹ ಸಂಘಟಿತ ಪಬ್ ಕ್ರಾಲ್‌ಗಳನ್ನು ನಿಷೇಧಿಸಿತು. ಅದು ನಿಮ್ಮ ಬಾಬತ್ತಲ್ಲ. ‘ಅನ್‌ಲಿಮಿಟೆಡ್’ ಎಂಬ ಪದ ಜಾಹೀರಾತಿನಲ್ಲಿ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ನಿಮಗೆ ಹೊಂದುವುದು ಇಳಿಹೊತ್ತು ನಾಲ್ಕು–ಐದು ಗಂಟೆಗೆ ಹೊರಡುವ ಫುಡ್ ಟೂರ್. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಊರು ನೋಡಿದಂತೆಯೂ ಆಗುತ್ತದೆ.

ಇನ್ನು ಬಿಯರ್. ತಲಾ ಬಿಯರ್ ಸೇವನೆಯಲ್ಲಿ ದಶಕಗಳಿಂದ ಜಗತ್ತಿಗೆ ಮೊದಲಿಗರು ಚೆಕ್ ಜನರೇ. ಆದರೆ ಬರುವವರು ತಿಳಿದುಕೊಂಡು ಬರಬೇಕಾದದ್ದು ಪ್ರಮಾಣವನ್ನಲ್ಲ, ಮೂಲವನ್ನು. ಇಂದು ಬೆಂಗಳೂರಿನಿಂದ ಹಿಡಿದು ಬ್ಯೂನಸ್ ಐರಿಸ್‌ವರೆಗೆ ‘ಬಿಯರ್’ ಎಂದರೆ ಕಣ್ಣಿಗೆ ಬರುವ ಹೊಂಬಣ್ಣದ, ತಿಳಿಯಾದ, ತಣ್ಣನೆಯ ಪೇಯದ ತವರು ಪ್ರಾಗ್‌ನಿಂದ ಸುಮಾರು ತೊಂಬತ್ತು ಕಿಲೊಮೀಟರ್ ಪಶ್ಚಿಮಕ್ಕಿರುವ ಪಿಲ್ಸೆನ್. ಆ ಊರಿನ ಬಿಯರ್ ಎಷ್ಟು ಕೆಟ್ಟಿತ್ತೆಂದರೆ, 1838ರಲ್ಲಿ ಜನರು 36 ಪೀಪಾಯಿಗಳನ್ನು ಪುರಭವನದ ಮುಂದೆಯೇ ಸುರಿದುಬಿಟ್ಟರು. ಬಳಿಕ ಪುರವಾಸಿಗಳೇ ಸೇರಿ ಬಿಯರ್ ತಯಾರಿಸುವ ಹೊಸ ಬ್ರೂವರಿ ಕಟ್ಟಿ, ಮ್ಯೂನಿಕ್ ಇರುವ ಬವೇರಿಯಾ ಸೀಮೆಯಿಂದ ಯೋಸೆಫ್ ಗ್ರೋಲ್ ಎಂಬ ಬಿಯರ್ ತಯಾರಕನನ್ನು ಕರೆಸಿದರು. ತಣ್ಣನೆಯ ನೆಲಮಾಳಿಗೆಯಲ್ಲಿ ತಳದಲ್ಲಿ ಹುದುಗುವ ಯೀಸ್ಟ್ ಬಳಸುವ ಬವೇರಿಯಾದ ಕ್ರಮ, ಮೊಳಕೆ ಬರಿಸಿ ಹದವಾಗಿ ಒಣಗಿಸಿದ ತಿಳಿಬಣ್ಣದ ಬಾರ್ಲಿ ಅಂದರೆ ಮಾಲ್ಟ್, ಝಾತೆಟ್ಸ್ ಸೀಮೆಯ ಹಾಪ್ಸ್ ಎಂಬ ಮೆಲುಗಹಿಯ ಹೂ, ಪಿಲ್ಸೆನ್‌ನ ಅತಿ ಮೃದುವಾದ ನೀರು, ಈ ನಾಲ್ಕೂ ಕೂಡಿ 1842ರ ಅಕ್ಟೋಬರ್‌ನಲ್ಲಿ ಮೊದಲ ಪಿಲ್ಸ್ನರ್ ತಯಾರಾಯಿತು. ಮರುವರ್ಷವೇ ಯಾಕುಬ್ ಪಿಂಕಾಸ್ ಎಂಬ ಪ್ರಾಗ್‌ನ ದರ್ಜಿ ಅದನ್ನು ತರಿಸಿ ಮಾರತೊಡಗಿದ. ‘ಊ ಪಿಂಕಾಸೂ’ ಎಂಬ ಆತನ ಅಂಗಡಿ ಇಂದಿಗೂ ಯುಂಗ್ಮನ್ ಚೌಕದಲ್ಲಿದೆ. ಝಾತೆಟ್ಸ್‌ನ ಹಾಪ್ಸ್ ತೋಟಗಳ ಸೀಮೆಯನ್ನು ಯುನೆಸ್ಕೊ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮೆನುವಿನಲ್ಲಿ ಬಿಯರ್ ಹೆಸರಿನ ಮುಂದೆ 10°, 11°, 12° ಎಂಬ ಅಂಕಿಗಳಿರುತ್ತವೆ. ನಮ್ಮವರು ಹಲವರು ಇದನ್ನು ಆಲ್ಕೋಹಾಲ್ ಪ್ರಮಾಣವೆಂದು ತಿಳಿದು ಗಾಬರಿಯಾಗುತ್ತಾರೆ. ಅದು ಹುದುಗುವ ಮುನ್ನ ಮಾಲ್ಟ್ ನೀರಿನಲ್ಲಿದ್ದ ಸಕ್ಕರೆ ಮೊದಲಾದ ಕರಗಿದ ಅಂಶದ ಅಳತೆ. ಹತ್ತು ಡಿಗ್ರಿಯ ಬಿಯರ್‌ನಲ್ಲಿ ಆಲ್ಕೋಹಾಲ್ ಶೇ 4ರಷ್ಟು, ಹನ್ನೆರಡರದರಲ್ಲಿ ಶೇ 5ರ ಆಸುಪಾಸು ಇರುತ್ತದೆ. ಕರ್ನಾಟಕದಲ್ಲಿ ‘ಸ್ಟ್ರಾಂಗ್’ ಎಂದು ಮಾರುವ ಬಿಯರ್ ಶೇ 8ರವರೆಗೂ ಹೋಗುವುದರಿಂದ, ಅದನ್ನು ಕುಡಿದು ಅಭ್ಯಾಸವಿದ್ದವರಿಗೆ ಚೆಕ್ ಬಿಯರ್ ಮೊದಲ ಗುಟುಕಿಗೆ ಸಪ್ಪೆ ಎನ್ನಿಸಿದರೂ ಆಶ್ಚರ್ಯವಿಲ್ಲ. ಅದರ ಗುಣ ಕಾಣುವುದು ಎರಡನೆಯ ಗ್ಲಾಸಿನಲ್ಲಿ: ಮಾಲ್ಟಿನ ಸಿಹಿಯೂ ಹಾಪ್ಸ್‌ನ ಕಹಿಯೂ ಒಂದನ್ನೊಂದು ಹಿಡಿದು ನಿಲ್ಲಿಸಿರುತ್ತವೆ, ಬಾಯಿ ಬೇಸರಿಸುವುದಿಲ್ಲ. ಅಪಾಯವೂ ಅಲ್ಲಿಯೇ ಇದೆ. ಐದು ಕಡೆ ಸಣ್ಣ ಗ್ಲಾಸ್, ಅಂದರೆ 0.3 ಲೀಟರ್ ಕುಡಿದರೂ ಒಟ್ಟು ಒಂದೂವರೆ ಲೀಟರ್ ಆಗುತ್ತದೆ. ಮಿತವಾಗಿ ಕುಡಿಯುವವರೆಂದು ನೀವೇ ಹೇಳಿಕೊಂಡಿದ್ದೀರಿ. ಎಲ್ಲೆಡೆ ಸಣ್ಣದನ್ನೇ ಕೇಳಿ, ಬೇಡವಾದದ್ದನ್ನು ಉಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ.

ಗೈಡ್‌ನ ಯೋಗ್ಯತೆ ತಿಳಿಯುವುದು ಬಿಯರ್ ಸುರಿಯುವ ಜಾಗದಲ್ಲಿ. ಚೆಕ್ ದೇಶದಲ್ಲಿ ನಲ್ಲಿ ಹಿಡಿಯುವವನು ಕಲೆಗಾರ. ಒಂದೇ ಹಿಟ್ಟಿನಿಂದ ಒಬ್ಬ ಹುಯ್ದ ದೋಸೆಗೂ ಇನ್ನೊಬ್ಬ ಹುಯ್ದ ದೋಸೆಗೂ ಇರುವ ಅಂತರವೇ ಇಲ್ಲಿಯೂ ಇದೆ. ಅಲ್ಲಿನ ನಲ್ಲಿಯ ಹಿಡಿಕೆ ಮುಂದಕ್ಕೆ ಎಳೆಯುವಂಥದ್ದಲ್ಲ, ಪಕ್ಕಕ್ಕೆ ತಿರುಗಿಸುವಂಥದ್ದು; ಸ್ವಲ್ಪ ತೆರೆದರೆ ದಟ್ಟವಾದ ಒದ್ದೆ ನೊರೆ, ಪೂರ್ತಿ ತೆರೆದರೆ ಬಿಯರ್ ಬರುತ್ತದೆ. ಮೊದಲು ನೊರೆ ತುಂಬಿ, ಅದರ ಕೆಳಗೆ ಬಿಯರ್ ಹರಿಸಿದರೆ ನೊರೆ ಮುಚ್ಚಳದಂತೆ ಮೇಲೇರಿ ಬಿಯರಿಗೆ ಗಾಳಿ ತಾಗದಂತೆ ಕಾಯುತ್ತದೆ. ಮೂರು ಬೆರಳಿನಷ್ಟು ನೊರೆಯಿರುವುದು ‘ಹ್ಲಾದಿಂಕಾ’. ಏನೂ ಹೇಳದಿದ್ದರೆ ಸಿಗುವುದು ಇದೇ. ದೊಡ್ಡ ಗ್ಲಾಸಿನಲ್ಲಿ ಕಡಿಮೆ ಬಿಯರ್, ಹೆಚ್ಚು ನೊರೆ ಇರುವುದು ‘ಶ್ನಿತ್’. ಗ್ಲಾಸ್ ತುಂಬ ಬಹುಪಾಲು ಸಿಹಿನೊರೆಯೇ ಇರುವುದು ‘ಮ್ಲೀಕೊ’. ಅದನ್ನು ನೊರೆ ಇಳಿಯುವ ಮುನ್ನ ಒಂದೇ ಸಲಕ್ಕೆ ಕುಡಿಯಬೇಕು. ನೊರೆ ಜಾಸ್ತಿ ಇದೆಯೆಂದು ನಮ್ಮಲ್ಲಿ ಗ್ಲಾಸ್ ಹಿಂದಿರುಗಿಸುತ್ತೇವೆ. ಅಲ್ಲಿ ನೊರೆ ಇಲ್ಲದಿದ್ದರೆ ಹಿಂದಿರುಗಿಸುತ್ತಾರೆ. ಒಂದೇ ಪೀಪಾಯಿಯ ಬಿಯರನ್ನು ಎರಡು ರೀತಿ ಸುರಿಸಿ ಪಕ್ಕಪಕ್ಕದಲ್ಲಿ ರುಚಿ ತೋರಿಸುವ ಗೈಡ್ ಸಿಕ್ಕರೆ ನಿಮ್ಮ ಹಣಕ್ಕೆ ಮೋಸವಿಲ್ಲ. ಪ್ರತಿ ಕಡೆ ಹೊಸ ಹೆಸರಿನ ಬಿಯರ್ ಕೊಡಿಸಿ ರಾಜಮಹಾರಾಜರ ಕಥೆ ಹೇಳುತ್ತ ಹೋಗುವವರಿಂದ ಹೊತ್ತು ಹೋದೀತು, ಕಲಿಯುವುದು ಕಡಿಮೆ.

ಹಾಗೆಯೇ ‘ಟ್ಯಾಂಕ್ ಬಿಯರ್’ ಕೊಡುವ ಒಂದು ಜಾಗವಾದರೂ ದಾರಿಯಲ್ಲಿದೆಯೇ ಎಂದು ಕೇಳಿ. ಬ್ರೂವರಿಯಿಂದ ಪಾಶ್ಚರೀಕರಿಸದ, ಅಂದರೆ ಕೆಡದಿರಲೆಂದು ಬಿಸಿ ಮಾಡದ ಬಿಯರನ್ನು ಟ್ಯಾಂಕರಿನಲ್ಲಿ ತಂದು ಹೋಟೆಲಿನ ತಣ್ಣನೆಯ ಟ್ಯಾಂಕುಗಳಿಗೆ ತುಂಬುತ್ತಾರೆ. ಅದು ಬೇಗ ಖರ್ಚಾಗಲೇಬೇಕಾದ್ದರಿಂದ ಗಿರಾಕಿ ಹೆಚ್ಚಿರುವ ಕಡೆ ಮಾತ್ರ ಇರುತ್ತದೆ. ದ್ಲೌಹಾ ಬೀದಿಯ ‘ಲೋಕಾಲ್’ ಇದಕ್ಕೆ ಹೆಸರಾದ ಜಾಗ. ‘ಊ ಫ್ಲೆಕೂ’ 1499ರಿಂದ ನಡೆದು ಬಂದಿರುವ ಬ್ರೂವರಿ ಹೋಟೆಲು, ಅದರ ಕಪ್ಪು ಬಿಯರ್ ಬೇರೆಯೇ ಲೋಕ. ಹುಸೊವಾ ಬೀದಿಯ ‘ಊ ಝ್ಲತೇಹೊ ತಿಗ್ರಾ’, 1994ರಲ್ಲಿ ಆಗಿನ ಚೆಕ್ ಅಧ್ಯಕ್ಷ ವಾಟ್ಸ್‌ಲಾವ್ ಹಾವೆಲ್ ತಮ್ಮ ಅತಿಥಿ ಬಿಲ್ ಕ್ಲಿಂಟನ್ ಅವರನ್ನು ಕರೆದೊಯ್ದ ಅಂಗಡಿ. ಅಲ್ಲಿ ಬೆಂಚುಗಳೆಲ್ಲ ದಿನನಿತ್ಯದ ಗಿರಾಕಿಗಳವು, ಆದ್ದರಿಂದ ಟೂರ್ ಗುಂಪಿನೊಂದಿಗೆ ಹೋಗುವ ಜಾಗ ಅದಲ್ಲ. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ನೀವೊಬ್ಬರೇ ಹೋದರೆ ಒಂದು ಮೂಲೆ ಸಿಕ್ಕೀತು.

ತಿನಿಸಿನ ವಿಚಾರಕ್ಕೆ ಬರೋಣ. ಮಾಂಸ ತಿನ್ನುವವರಿಗೆ ಪ್ರಾಗ್‌ನ ಟೂರ್‌ಗಳು ತೋರಿಸುವ ವಸ್ತುಗಳು ಹೆಚ್ಚೂಕಡಿಮೆ ಇವೇ: ಬೇರುತರಕಾರಿ ಮತ್ತು ಕೆನೆಯ ಸಾರಿನಲ್ಲಿ ದನದ ಮಾಂಸ ಹಾಕಿ, ಜೊತೆಗೆ ಹಬೆಯಲ್ಲಿ ಬೇಯಿಸಿದ ಹಿಟ್ಟಿನ ‘ಕ್ನೆದ್ಲೀಕಿ’ ಬಿಲ್ಲೆಗಳನ್ನಿಟ್ಟು ಕೊಡುವ ‘ಸ್ವೀಚ್ಕೊವಾ’, ಗುಲಾಶ್, ಹಂದಿಯ ಮಂಡಿಯ ಹುರಿದ ಮಾಂಸ, ವಿನಿಗರಿನಲ್ಲಿ ನೆನೆಸಿದ ‘ಉತೊಪೆನೆತ್ಸ್’ ಸಾಸೇಜು, ಬ್ರೆಡ್ಡಿನ ಮೇಲೆ ಆಲೂಗಡ್ಡೆ ಸಲಾಡ್, ಹ್ಯಾಮ್, ಮೊಟ್ಟೆ ಜೋಡಿಸಿದ ‘ಖ್ಲೆಬೀಚೆಕ್’. ಬೀದಿಬೀದಿಯಲ್ಲಿ ಕೊಳವೆಯಾಕಾರದಲ್ಲಿ ಸುಟ್ಟು ಸಕ್ಕರೆ ಉದುರಿಸಿ, ಒಳಗೆ ಐಸ್‌ಕ್ರೀಮ್ ತುಂಬಿ ಮಾರುವ ‘ಟ್ರ್ದೆಲ್ನೀಕ್’ ಪ್ರಾಗ್‌ನ ಪುರಾತನ ತಿನಿಸಲ್ಲ. ಅದರ ಹೆಸರಾಂತ ರೂಪ ಸ್ಲೊವಾಕಿಯಾದ ಸ್ಕಾಲಿತ್ಸಾ ಊರಿನದು. ಅದನ್ನು ‘ಹಳೆಯ ಬೊಹೀಮಿಯಾದ (ಪ್ರಾಗ್ ಇರುವ ಸೀಮೆಯ) ಪರಂಪರೆ’ ಎಂದು ಪಟ್ಟಿಯಲ್ಲಿ ಹಾಕಿರುವ ಟೂರನ್ನು ನಾನಾದರೆ ಕೈಬಿಡುತ್ತೇನೆ, ಏಕೆಂದರೆ ಅಷ್ಟು ಸುಲಭದ ಸಂಗತಿಯಲ್ಲಿಯೇ ಪ್ರವಾಸಿಗರ ಕಣ್ಣಿಗೆ ಮಣ್ಣೆರಚುವವರು ಉಳಿದ ವಿಷಯಗಳಲ್ಲಿ ನಿಜ ಹೇಳುತ್ತಾರೆಂದು ನಂಬುವುದು ಕಷ್ಟ.

ನಿಮ್ಮ ಶ್ರೀಮತಿಯವರ ತೊಡಕು ಇರುವುದು ಇಲ್ಲಿ. ಚೆಕ್ ಮೆನುಗಳಲ್ಲಿ ‘ಬೆಜ್‌ಮಸಾ ಯೀದ್ಲಾ’, ಅಂದರೆ ಮಾಂಸವಿಲ್ಲದ ತಿನಿಸು ಎಂಬ ವಿಭಾಗ ಇರುತ್ತದೆ. ಅದರಲ್ಲಿ ಮಾಂಸದ ತುಂಡು ಇರುವುದಿಲ್ಲ ಎಂಬುದಷ್ಟೇ ಖಾತ್ರಿ. ‘ಬ್ರಂಬೊರಾಕ್’ ಎಂಬ ಆಲೂಗಡ್ಡೆಯ ರೊಟ್ಟಿಯನ್ನು ಬೆಳ್ಳುಳ್ಳಿ, ಮಾರ್ಜೊರಮ್ ಎಂಬ ಪರಿಮಳದ ಸೊಪ್ಪು ಹಾಕಿ ಮಾಡುತ್ತಾರೆ, ಘಮಘಮಿಸುತ್ತದೆ. ಆದರೆ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ ಮತ್ತು ಹಲವು ಕಡೆ ಕರಿಯುವುದು ಹಂದಿಯ ಕೊಬ್ಬಿನಲ್ಲಿ. ಸಸ್ಯಾಹಾರಿಗಳಿಗೆಂದು ಟೂರ್‌ನವರು ತಟ್ಟನೆ ತೋರಿಸುವ ‘ಸ್ಮಜೆನೀ ಸೀರ್’ ಎಂಬ ಕರಿದ ಚೀಸಿಗೆ ಹೊರಗಿನ ಹೊದಿಕೆಯಲ್ಲಿ ಮೊಟ್ಟೆ, ಪಕ್ಕದ ಟಾರ್ಟರ್ ಸಾಸಿನಲ್ಲೂ ಮೊಟ್ಟೆ. ಕ್ನೆದ್ಲೀಕಿಗಳಲ್ಲಿ ಸಾಮಾನ್ಯವಾಗಿ ಮೊಟ್ಟೆಯಿದೆ. ಅಣಬೆ, ಸಬ್ಬಸಿಗೆ, ಹುಳಿಗೆನೆಯ ‘ಕುಲಾಯ್ದಾ’ ಸಾರಿನ ಮೇಲೆ ಬೇಯಿಸಿದ ಮೊಟ್ಟೆ ತೇಲುತ್ತದೆ. ಬೇಯಿಸಿದ ಹುಳಿ ಎಲೆಕೋಸಿನಲ್ಲಿ ಕೊಬ್ಬು ಇರಬಹುದು. ಅಂದಮೇಲೆ ಉಳಿಯುವುದೇನು? ಎಣ್ಣೆ, ಈರುಳ್ಳಿ, ಮೆಣಸಿನಲ್ಲಿ ವಾರಗಟ್ಟಲೆ ನೆನೆಸಿದ ‘ಹೆರ್ಮೆಲೀನ್’ ಚೀಸು, ಅದೂ ಚೀಸಿನಲ್ಲಿ ಹಾಲು ಹೆಪ್ಪುಗಟ್ಟಿಸಲು ಬಳಸುವ, ಹಲವು ಸಲ ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಬಗ್ಗೆ ನಿಮ್ಮ ಮನೆಯಲ್ಲಿ ಆಕ್ಷೇಪವಿಲ್ಲದಿದ್ದರೆ. ಜೀರಿಗೆಯಂಥ ಶಾಜೀರಿಗೆ ಹಾಕಿದ ಹುಳಿಹಿಟ್ಟಿನ ರೈ ಬ್ರೆಡ್ಡು, ಉಪ್ಪಿನಲ್ಲಿಟ್ಟ ಸೌತೆ, ಬೆಣ್ಣೆ ಹಾಕಿದ ಆಲೂಗಡ್ಡೆ. ಬಾರ್ಲಿ ಮತ್ತು ಒಣ ಅಣಬೆಯ ‘ಕುಬಾ’ ಎಂಬ ಹಳೆಯ ತಿನಿಸೊಂದಿದೆ. ಬೆಣ್ಣೆಯಲ್ಲಿ ಮಾಡಿದ್ದಾದರೆ ಅವರಿಗೆ ಹೇಳಿಮಾಡಿಸಿದಂತಿರುತ್ತದೆ, ಆದರೆ ಅದು ಕ್ರಿಸ್‌ಮಸ್ ಕಾಲದ ಅಡುಗೆಯಾದ್ದರಿಂದ ಜೂನ್‌ನಲ್ಲಿ ಎಲ್ಲೆಡೆ ಸಿಗದು. ‘ಪಿವ್ನೀ ಸೀರ್’ ಎಂಬ ಚೀಸನ್ನು ಮೇಜಿನ ಮೇಲೆಯೇ ಬಿಯರ್ ಹಾಕಿ ಕಲಸುತ್ತಾರೆ, ಎಚ್ಚರವಿರಲಿ.

ಒಂದು ಅನುಕೂಲವಿದೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಅಲರ್ಜಿ ತರಬಲ್ಲ 14 ಪದಾರ್ಥಗಳು ಯಾವ ತಿನಿಸಿನಲ್ಲಿವೆ ಎಂಬುದನ್ನು ಹೋಟೆಲಿನವರು ತಿಳಿಸಲೇಬೇಕು. ಹಲವು ಚೆಕ್ ಮೆನುಗಳಲ್ಲಿ ಅವನ್ನು ತಿನಿಸಿನ ಪಕ್ಕದಲ್ಲಿ ಅಂಕಿಗಳಾಗಿ ಮುದ್ರಿಸಿರುತ್ತಾರೆ. 1 ಎಂದರೆ ಗೋಧಿ ಮೊದಲಾದ ಧಾನ್ಯ, 7 ಎಂದರೆ ಹಾಲು, 3 ಎಂದರೆ ಮೊಟ್ಟೆ. ಮೊಟ್ಟೆ ತಿನ್ನದವರು 3 ಇರುವುದನ್ನೆಲ್ಲ ಕಣ್ಣು ಮುಚ್ಚಿ ಬಿಡಬಹುದು. ಆದರೆ ಮಾಂಸವೂ ಹಂದಿಯ ಕೊಬ್ಬೂ ಆ 14ರಲ್ಲಿ ಇಲ್ಲ, ಆದ್ದರಿಂದ ಅವನ್ನು ಬಾಯಿಬಿಟ್ಟೇ ಕೇಳಬೇಕು. ಹಂದಿಯ ಕೊಬ್ಬಿಗೆ ‘ಸಾದ್ಲೊ’, ಹಂದಿಯ ಬೇಕನ್‌ಗೆ ‘ಸ್ಲಾನಿನಾ’, ಮೂಳೆಮಾಂಸದ ಸಾರಿಗೆ ‘ವೀವರ್’ ಎನ್ನುತ್ತಾರೆ. ಈ ಮೂರು ಮಾತುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಗೈಡ್ ಇಲ್ಲದ ಸಂಜೆಗಳಲ್ಲೂ ಕೆಲಸಕ್ಕೆ ಬರುತ್ತವೆ.

ಆದ್ದರಿಂದ ಟೂರ್‌ನವರಿಗೆ ಬರೆಯುವಾಗ ‘ವೆಜಿಟೇರಿಯನ್’ ಎಂದಷ್ಟೇ ಬರೆಯಬೇಡಿ. ಮಾಂಸ, ಮೀನು, ಮೊಟ್ಟೆ, ಪ್ರಾಣಿಯ ಕೊಬ್ಬು, ಮಾಂಸದ ಸಾರು ಇವಾವುವೂ ಆಗದು, ಹಾಲು ಬೆಣ್ಣೆ ಆಗುತ್ತದೆ ಎಂದು ಬಿಡಿಸಿ ಬರೆದು, ಪ್ರತಿ ನಿಲುಗಡೆಯಲ್ಲಿ ಅವರಿಗೆ ಏನು ಕೊಡುತ್ತೀರಿ ಎಂದು ಕೇಳಿ. ಬರುವ ಉತ್ತರದಲ್ಲಿ ಐದು ಕಡೆ ಪೈಕಿ ಮೂರು ಕಡೆಯಾದರೂ ನಿಜವಾದ ತಿನಿಸಿನ ಹೆಸರು ಇದ್ದರೆ ಮುಂದುವರಿಯಿರಿ. ‘ನೋಡೋಣ, ಹೊಂದಿಸೋಣ’ ಎಂಬ ಉತ್ತರ ಬಂದರೆ ಶ್ರೀಮತಿಯವರ ಪಾಲಿಗೆ ಪೂರ್ತಿ ಹಣ ಕಟ್ಟುವುದು ಬೇಡ. ಕುಡಿಯದೆ, ತಿನ್ನದೆ ಜೊತೆಗೆ ನಡೆಯುವವರಿಗೆ ಕಡಿಮೆ ದರವಿದೆಯೇ ಎಂದು ಕೇಳಬಹುದು, ಕೆಲವರು ಒಪ್ಪುತ್ತಾರೆ. ಹಳೆಯ ಊರಿನ ಚೌಕದ ಹಿಂಬದಿಯಲ್ಲಿ ‘ಮೈತ್ರೇಯಾ’ ಎಂಬ ಪೂರ್ಣ ಸಸ್ಯಾಹಾರಿ ಹೋಟೆಲು ಇದೆ. ಟೂರ್‌ಗೆ ಮುಂಚೆಯೋ ಆಮೇಲೆಯೋ ಅಲ್ಲಿ ಊಟಕ್ಕೆ ಮೇಜು ಕಾದಿರಿಸಿಕೊಂಡರೆ ಅವರು ಹಸಿದ ಹೊಟ್ಟೆಯಲ್ಲಿ ನಿಮ್ಮ ಗ್ಲಾಸನ್ನು ನೋಡುತ್ತ ಕೂರುವ ಪ್ರಸಂಗ ಬರುವುದಿಲ್ಲ.

ಕುಡಿಯಲು ಅವರಿಗೆ ಕೊರತೆಯಿಲ್ಲ. ‘ಕೊಫೋಲಾ’ ಎಂಬುದು ಪಶ್ಚಿಮದ ಕೋಲಾಗಳಿಗೆ ಬದಲಾಗಿ 1960ರ ಸುಮಾರಿಗೆ ಸಮಾಜವಾದಿ ಚೆಕೊಸ್ಲೊವಾಕಿಯಾ ತಯಾರಿಸಿಕೊಂಡ ಗಿಡಮೂಲಿಕೆ ವಾಸನೆಯ ಪಾನೀಯ. ಬಹಳಷ್ಟು ಹೋಟೆಲುಗಳಲ್ಲಿ ಅದು ಕೂಡ ಬಿಯರಿನಂತೆ ನಲ್ಲಿಯಿಂದಲೇ ಬರುತ್ತದೆ. ಆಲ್ಕೋಹಾಲ್ ಇಲ್ಲದ ಬಿಯರ್ ಕೂಡ ಎಲ್ಲೆಡೆ ಸಿಗುತ್ತದೆ, ಆದರೆ ಆ ಹೆಸರಿನಲ್ಲಿ ಶೇ 0.5ರವರೆಗೆ ಆಲ್ಕೋಹಾಲ್ ಇರಲು ಅವಕಾಶವಿದೆ. ವ್ರತದಂತೆ ಬಿಟ್ಟವರು ಅದನ್ನೂ ಬಿಡುವುದು ಒಳ್ಳೆಯದು.

ಟೂರ್ ಆರಿಸುವಾಗ ಇನ್ನೆರಡು ಸಂಗತಿಗಳನ್ನು ನೋಡಿ. ಗುಂಪು ಹತ್ತು ಜನಕ್ಕಿಂತ ಹೆಚ್ಚಿರಬಾರದು. ಹದಿನೈದು ಜನರನ್ನು ಒಂದು ಮೇಜಿಗೆ ಕೂರಿಸುವ ಜಾಗಗಳು ಗುಂಪುಗಳಿಗಾಗಿಯೇ ಇರುವ ಜಾಗಗಳಾಗಿರುತ್ತವೆ, ಅಲ್ಲಿ ಊರಿನವರು ಕಾಣುವುದಿಲ್ಲ. ಹಣ ಕೊಟ್ಟು ಬರುವವರನ್ನು ಕರೆದೊಯ್ಯುವ ಗೈಡ್‌ಗಳು ಸರಕಾರ ಕೊಟ್ಟ ಗುರುತಿನ ಚೀಟಿಯನ್ನು ಕಾಣುವಂತೆ ಧರಿಸಬೇಕೆಂಬ ಕಾನೂನು ಚೆಕ್ ದೇಶದಲ್ಲಿದೆ. ಅದಿಲ್ಲದವರ ಹಿಂದೆ ಹೋಗಬೇಡಿ. ಕಾಲಿಗೆ ಮೆತ್ತನೆಯ ಅಟ್ಟೆಯ ಬೂಟು ಇರಲಿ. ಹಳೆಯ ಊರಿನ ಬೀದಿಗಳೆಲ್ಲ ಕಲ್ಲುಹಾಸು, ಚಪ್ಪಲಿಯಲ್ಲಿ ಮೂರು ಗಂಟೆ ನಡೆದರೆ ಮೊಣಕಾಲು ಹಿಡಿದುಕೊಳ್ಳುತ್ತದೆ.

ಗೈಡ್ ಜೊತೆಗಿರುವಾಗಲೇ ಮೇಜಿನ ನಡವಳಿಕೆಯನ್ನೂ ಕೇಳಿ ತಿಳಿದುಕೊಳ್ಳಿ. ಖಾಲಿ ಕುರ್ಚಿಯಿದ್ದರೆ ಅಪರಿಚಿತರ ಮೇಜಿಗೂ ಕೇಳಿ ಕೂರುವ ರೂಢಿ ಅಲ್ಲಿದೆ. ಸಾಂಪ್ರದಾಯಿಕ ಅಂಗಡಿಗಳಲ್ಲಿ ಮೇಜಿನ ಮೇಲೊಂದು ಉದ್ದ ಚೀಟಿ ಇಟ್ಟು, ಪ್ರತಿ ಬಿಯರಿಗೂ ಒಂದು ಗೆರೆ ಎಳೆಯುತ್ತ ಹೋಗುತ್ತಾರೆ. ಆ ಚೀಟಿಯೇ ನಿಮ್ಮ ಬಿಲ್ಲು, ಅದನ್ನು ಮಡಚಿ ಜೇಬಿಗಿಡುವುದೋ ಅದರ ಮೇಲೆ ಬರೆಯುವುದೋ ಮಾಡಬೇಡಿ. ಗ್ಲಾಸ್ ಖಾಲಿಯಾಗುವ ಹೊತ್ತಿಗೆ ಕೇಳದೆಯೇ ಇನ್ನೊಂದು ಬರುವ ಜಾಗಗಳೂ ಇವೆ, ಸಾಕೆನ್ನಿಸಿದರೆ ಮೊದಲೇ ಹೇಳಿಬಿಡಬೇಕು. ಗ್ಲಾಸ್ ಎತ್ತುವಾಗ ‘ನಜ್ದ್ರವೀ’ ಎನ್ನುತ್ತ ಎದುರಿನವರ ಕಣ್ಣು ನೋಡುತ್ತಾರೆ. ಟಿಪ್ಸ್ ಶೇ 10ರ ಆಸುಪಾಸು ಸಾಕು. ಹಣ ಕೊಡುವಾಗ ಟಿಪ್ಸ್ ಸೇರಿಸಿದ ಮೊತ್ತವನ್ನೇ ಬಾಯಲ್ಲಿ ಹೇಳಿದರೆ ಅಷ್ಟನ್ನು ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಬೀದಿಯಲ್ಲಿ ನಿಂತು ಕೊರುನಾ ಬದಲಿಸಿ ಕೊಡುತ್ತೇವೆ ಎನ್ನುವವರ ಹತ್ತಿರ ಮಾತ್ರ ಸುಳಿಯಬೇಡಿ. ಆ ದೇಶದಲ್ಲಿ ಕಾರು ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆಯಿರಬೇಕೆಂಬ ಕಟ್ಟುನಿಟ್ಟು ಇರುವುದರಿಂದ, ಮಗನ ಕಾರು ತರುವ ಯೋಚನೆಯೇನಾದರೂ ಬಂದರೆ ಬಿಟ್ಟುಬಿಡಿ.

ರೈಲಿನಲ್ಲಿ ಬರುವುದಾಗಿ ಬರೆದಿದ್ದೀರಲ್ಲ, ಅದರಿಂದ ನಿಮಗೆ ಇನ್ನೊಂದು ಲಾಭವಿದೆ. ಮ್ಯೂನಿಕ್–ಪ್ರಾಗ್ ರೈಲು ಪಿಲ್ಸೆನ್ ಮೂಲಕವೇ ಹಾಯುತ್ತದೆ. ಪ್ರಾಗ್‌ನಿಂದ ಅಲ್ಲಿಗೆ ಸುಮಾರು ಒಂದೂವರೆ ಗಂಟೆಯ ದಾರಿ, ಬ್ರೂವರಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಟೂರ್‌ನಲ್ಲಿ ಪ್ರಾಗ್‌ನ ಬಿಯರ್ ಹಿಡಿಸಿದರೆ ಎರಡನೆಯ ಹಗಲನ್ನು ಅಲ್ಲಿಗೆ ಮೀಸಲಿಡಿ. ಬ್ರೂವರಿಯವರೇ ಟಿಕೆಟ್ ಕೊಟ್ಟು ಒಳಗೆ ಸುತ್ತಿಸಿ, ಕೊನೆಯಲ್ಲಿ ಬಂಡೆ ಕೊರೆದು ಮಾಡಿದ ನೆಲಮಾಳಿಗೆಯಲ್ಲಿ ಓಕ್ ಮರದ ಪೀಪಾಯಿಯಿಂದ ಸೋಸದ ಬಿಯರನ್ನು ನೇರವಾಗಿ ಗ್ಲಾಸಿಗೆ ಬಿಟ್ಟುಕೊಡುತ್ತಾರೆ, ಶ್ರೀಮತಿಯವರಿಗೂ ಈ ಸುತ್ತಾಟ ನೋಡುವಂಥದ್ದೇ. ಇಂಗ್ಲಿಷ್ ಗೈಡ್ ಇರುವ ಸುತ್ತಿನ ವೇಳೆಯನ್ನು ಮುಂಚೆಯೇ ನೋಡಿ ಬುಕ್ ಮಾಡಿಕೊಳ್ಳಿ. ಹೊರಗೆ ಜೂನ್ ಬಿಸಿಲಿದ್ದರೂ ಆ ನೆಲಮಾಳಿಗೆಯಲ್ಲಿ ಫ್ರಿಜ್ಜಿನಷ್ಟು ಚಳಿ, ಇಬ್ಬರಿಗೂ ಒಂದೊಂದು ಸ್ವೆಟರ್ ಕೈಯಲ್ಲಿರಲಿ.